ಬುಡ ನೋಡಿ ಹೆಸರು ಹೇಳಿ

ಬಡಗಿಯೊಬ್ಬ ಬಾಳಿದ ಮನೆಯಲ್ಲಿ ಅವನ ನಂತರ ಉಳಿಯುವ ಪೆಟ್ಟಿಗೆಯಲ್ಲಿ ಎರಡು ಬಗೆಯ ವಸ್ತುಗಳಿರುತ್ತವೆ. ಉಳಿ, ಬಾಚಿ, ಗರಗಸ, ಹತ್ತರಿ ಮೊದಲ ಬಗೆಯವು. ಮರಗೆಲಸ ಅರಿಯದವರೂ ಅವನ್ನು ಗುರುತು ಹಿಡಿಯುತ್ತಾರೆ. ಎರಡನೆಯ ಬಗೆಯವು ಪೆಟ್ಟಿಗೆಯ ತಳದಲ್ಲಿ, ತಗಡಿನ ಡಬ್ಬಿಯಲ್ಲಿ ಅಥವಾ ಎಣ್ಣೆಬಟ್ಟೆಯ ಗಂಟಿನಲ್ಲಿ ಸಿಗುತ್ತವೆ: ಎರಡು ತೂತುಗಳಿರುವ ಕಬ್ಬಿಣದ ಪಟ್ಟಿ, ಮೂರೆಸಳಿನ ಪುಟ್ಟ ಬಿಲ್ಲೆ, ತಲೆ ಚೌಕವಾಗಿರುವ ತಿರುಚು ಸರಳು, ನಾಲ್ಕು ಹಲ್ಲುಗಳ ನಡುವೆ ಮೊನೆಯಿರುವ ಮೊಂಡು ತುಂಡು. ಇವು ತಾವಾಗಿಯೇ ಏನನ್ನೂ ಮಾಡಲಾರವು. ಇನ್ನೊಂದು ಉಪಕರಣಕ್ಕೆ ಜೋಡಿಸಿದಾಗ ಮಾತ್ರ ಕೆಲಸಕ್ಕೆ ಬರುವ ಬಿಡಿಭಾಗಗಳು ಇವು. ಆ ಇನ್ನೊಂದು ಉಪಕರಣ ಎಂದೋ ಕೈಬಿಟ್ಟು ಹೋಗಿರುತ್ತದೆ. ಅದೇ ಪೆಟ್ಟಿಗೆಯಲ್ಲಿದ್ದರೂ ಯಾವುದು ಯಾವುದಕ್ಕೆ ಸೇರಬೇಕೆಂದು ಬಲ್ಲವರು ಇರುವುದಿಲ್ಲ.

ಮಕ್ಕಳು ಮೊಮ್ಮಕ್ಕಳು ಇಂಥದೊಂದನ್ನು ಕೈಗೆತ್ತಿಕೊಂಡರೆ ಸಾಮಾನ್ಯವಾಗಿ ಮೊದಲು ಹುಡುಕುವುದು ಕಂಪನಿಯ ಹೆಸರನ್ನು. ತುಕ್ಕು ಉಜ್ಜಿ, ಅಕ್ಷರವೇನಾದರೂ ಕಂಡೀತೇ ಎಂದು ನೋಡುತ್ತಾರೆ. ಕಂಡರೆ ಗುರುತು ಸಿಕ್ಕಿತೆಂದುಕೊಳ್ಳುತ್ತಾರೆ, ಕಾಣದಿದ್ದರೆ ಗುಜರಿಗೆ ಹಾಕುತ್ತಾರೆ. ಈ ಕ್ರಮವೇ ತಪ್ಪು ಎಂಬುದು ನನ್ನ ವಾದ. ಬಿಡಿಭಾಗವೊಂದರ ಗುರುತು ಹಿಡಿಯಲು ನಂಬಬಹುದಾದ ಮೊದಲ ಸಾಕ್ಷಿ ಅದರ ಬುಡ, ಎಂದರೆ ಅದು ಮೂಲ ಉಪಕರಣಕ್ಕೆ ಹೋಗಿ ಕೂರುವ ತುದಿ. ಎರಡನೆಯದು ಅದರ ಸವೆತ. ಮೂರನೆಯದು ಪೆಟ್ಟಿಗೆಯಲ್ಲಿ ಅದರ ಜೊತೆಗಿದ್ದ ಇತರ ವಸ್ತುಗಳು. ಮೇಲೆ ಕೆತ್ತಿದ ಹೆಸರು, ತಾರೀಖು, ಮುದ್ರೆ ಇವೆಲ್ಲ ಕೊನೆಗೆ ಬರುವ ಸಾಕ್ಷಿಗಳು; ನಾವು ನೆನೆದಷ್ಟು ಗಟ್ಟಿಯೂ ಅಲ್ಲ. ಅವಸರದಲ್ಲಿ ಹೆಸರಿನ ಬೆನ್ನು ಹತ್ತಿದಾಗ ನಾವು ಅಳಿಸಿಹಾಕುವುದು ಗಟ್ಟಿ ಸಾಕ್ಷಿಗಳನ್ನೇ.

ಇದಕ್ಕೆ ಕಾರಣ ಸರಳ. ಬಿಡಿಭಾಗಕ್ಕೆ ಎರಡು ತುದಿಗಳಿವೆ. ಒಂದು ಮರವನ್ನು ಮುಟ್ಟುತ್ತದೆ, ಇನ್ನೊಂದು ಉಪಕರಣವನ್ನು ಹಿಡಿಯುತ್ತದೆ. ಮರ ಮುಟ್ಟುವ ಬಾಯಿ ದಿನದಿನವೂ ಬದಲಾಗುತ್ತದೆ. ಬಡಗಿ ಅದನ್ನು ಸಾಣೆ ಹಿಡಿಯುತ್ತಾನೆ, ಅರದಿಂದ ತೀಡುತ್ತಾನೆ, ಮುರಿದರೆ ಬೇರೆ ಆಕಾರಕ್ಕೆ ತಿರುಗಿಸಿಕೊಳ್ಳುತ್ತಾನೆ. ನಲವತ್ತು ವರ್ಷ ಬಳಸಿದ ಬ್ಲೇಡಿನ ಬಾಯಿ ಕಾರ್ಖಾನೆಯಿಂದ ಬಂದಾಗ ಇದ್ದಂತೆ ಇರುವುದಿಲ್ಲ. ಬುಡವನ್ನು ಮಾತ್ರ ಅವನು ಮುಟ್ಟುವಂತಿಲ್ಲ. ಮುಟ್ಟಿದರೆ ಅದು ಮೂಲ ಉಪಕರಣದಲ್ಲಿ ಕೂರುವುದೇ ಇಲ್ಲ. ಆದ್ದರಿಂದ ಎಷ್ಟು ಹಳತಾದರೂ, ಎಷ್ಟು ಸವೆದರೂ, ಬುಡದ ಅಳತೆ ಬಹುಮಟ್ಟಿಗೆ ಹುಟ್ಟಿದಾಗಿನ ಅಳತೆಯೇ.

ನಲವತ್ತೈದನೇ ನಂಬರಿನ ಒಗಟು

ಈ ಮಾತಿಗೆ ಅತ್ಯುತ್ತಮ ಉದಾಹರಣೆ ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಊರಿನ ಸ್ಟ್ಯಾನ್ಲಿ ಕಂಪನಿ ತಯಾರಿಸಿದ 45ನೇ ನಂಬರಿನ ಹತ್ತರಿ. ಜಸ್ಟಸ್ ಟ್ರಾಟ್ ಎಂಬ ಕುಶಲಿಯ ವಿನ್ಯಾಸ ಇದು. 1880ರ ದಶಕದ ನಡುವಿನಿಂದ 1960ರ ದಶಕದ ಆರಂಭದವರೆಗೆ ಮಾರಾಟದಲ್ಲಿತ್ತು. ಅದಕ್ಕೂ ಮೊದಲು ಬಡಗಿಗೆ ಗ್ರೂವ್ ತೆಗೆಯಲು ಒಂದು ಮರದ ಹತ್ತರಿ, ರಿಬೇಟು ಹೊಡೆಯಲು ಇನ್ನೊಂದು, ಬೀಡಿಂಗಿನ ಪ್ರತಿ ಅಳತೆಗೆ ಮತ್ತೊಂದು ಬೇಕಿತ್ತು. ಇವನ್ನೆಲ್ಲ ಒಂದೇ ಕಬ್ಬಿಣದ ಚೌಕಟ್ಟಿಗೆ ಇಳಿಸಿ, ಬ್ಲೇಡು ಬದಲಾಯಿಸಿ ಬೇರೆ ಬೇರೆ ಕೆಲಸ ಮಾಡುವಂತೆ ಟ್ರಾಟ್ ಯೋಜಿಸಿದ. ಮುಂದೆ, 1897ರಲ್ಲಿ ಅದಕ್ಕಿಂತ ದೊಡ್ಡದಾದ 55ನೇ ನಂಬರು ಬಂತು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ರೆಕಾರ್ಡ್ ಎಂಬ ಹೆಸರಿನಡಿ ಉಪಕರಣ ಮಾಡುತ್ತಿದ್ದ ಸಿ. ಅಂಡ್ ಜೆ. ಹ್ಯಾಂಪ್ಟನ್ ಕಂಪನಿ 1930ರ ದಶಕದಲ್ಲಿ ಇದೇ ಮಾದರಿಯ 405ನೇ ನಂಬರನ್ನು ಹೊರತಂದಿತು. ಈ ಮೂರೂ ಹತ್ತರಿಗಳು ತಮ್ಮ ಜೊತೆಗೆ ಡಬ್ಬಿಗಟ್ಟಲೆ ಬಿಡಿಭಾಗಗಳನ್ನು ಮನೆಮನೆಗೆ ಹೊತ್ತು ತಂದವು. ಇಂದು ಅಮೆರಿಕ, ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಸಿಗುವ ಅನಾಮಿಕ ತುಂಡುಗಳಲ್ಲಿ ಇವುಗಳ ಕೂಸುಗಳು ಸಾಕಷ್ಟಿವೆ.

45ರ ರಚನೆ ಗೊತ್ತಿದ್ದರೆ ಆ ತುಂಡುಗಳು ತಾವೇ ಮಾತಾಡತೊಡಗುತ್ತವೆ. ಹಿಡಿ ಇರುವ ಮುಖ್ಯ ದೇಹದ ಅಡಿಯಲ್ಲಿ, ಅಗಲವಾದ ತಳದ ಬದಲು, ಒಂದು ತೆಳ್ಳನೆಯ ಉಕ್ಕಿನ ಪಟ್ಟಿಯಿದೆ. ಹತ್ತರಿ ಮರದ ಮೇಲೆ ಓಡುವುದು ಇದರ ಮೇಲೆ. ದೇಹದಿಂದ ಪಕ್ಕಕ್ಕೆ ಸಮಾನಾಂತರವಾಗಿ ಎರಡು ದುಂಡು ಸರಳುಗಳು ಹೊರಡುತ್ತವೆ. ಅದೇ ಸರಳುಗಳ ಮೇಲೆ ಜಾರುವ ಎರಡನೆಯ ಭಾಗದಲ್ಲಿ ಇನ್ನೊಂದು ತೆಳುಪಟ್ಟಿ. ಬ್ಲೇಡಿನ ಅಗಲಕ್ಕೆ ತಕ್ಕಂತೆ ಇವೆರಡರ ನಡುವಿನ ಅಂತರ ಹೊಂದಿಸಿಕೊಳ್ಳಬಹುದು. ಸರಳಿನ ಮೇಲೆಯೇ ಮೂರನೆಯದಾಗಿ, ಹಲಗೆಯ ಅಂಚಿಗೆ ಒತ್ತಿಕೊಂಡು ಸಾಗುವ ಫೆನ್ಸ್ ಇರುತ್ತದೆ. ಎಂದರೆ ಈ ಇಡೀ ಯಂತ್ರದ ಬೆನ್ನೆಲುಬು ಆ ಎರಡು ಸರಳುಗಳು. ಅದಕ್ಕೆ ಸೇರುವ ದೊಡ್ಡ ಬಿಡಿಭಾಗಗಳಿಗೆಲ್ಲ ಆ ಸರಳುಗಳು ತೂರುವ ಎರಡು ತೂತುಗಳು ಇರಲೇಬೇಕು.

ಈಗ ಪೆಟ್ಟಿಗೆಯಲ್ಲಿ ಸಿಕ್ಕ ಆ ಎರಡು ತೂತಿನ ಪಟ್ಟಿಯನ್ನು ನೋಡಿ. ಅದರ ಅಡಿಭಾಗ ನೇರವಾಗಿಲ್ಲ, ಒಳಕ್ಕೆ ಬಾಗಿದೆ ಅಥವಾ ಹೊರಕ್ಕೆ ಉಬ್ಬಿದೆ. ಬರೀ ಬಾಯಿಯ ಆಕಾರ ನೋಡಿದವರಿಗೆ ಅದು ಯಾವುದೋ ಯಂತ್ರದ ಬಿಡಿಭಾಗ, ಬಾಗಿಲ ಕಬ್ಬಿಣ, ಎರಕದ ಅಚ್ಚು, ಹೀಗೆ ಏನೂ ಆಗಿ ಕಾಣಬಹುದು. ಬುಡ ನೋಡಿದವರು ಮಾಡುವುದೇ ಬೇರೆ: ಎರಡು ತೂತುಗಳ ವ್ಯಾಸ ಅಳೆಯುತ್ತಾರೆ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಇರುವ ದೂರ ಅಳೆಯುತ್ತಾರೆ, ತೂತಿಗೆ ಅಡ್ಡವಾಗಿ ಬಿಗಿಯುವ ಸ್ಕ್ರೂ ಇದೆಯೇ ಎಂದು ನೋಡುತ್ತಾರೆ. ಆ ದೂರ 45ರ ಸರಳುಗಳ ನಡುವಿನ ದೂರಕ್ಕೆ ಸರಿಹೊಂದಿದರೆ ಅನುಮಾನವೇ ಉಳಿಯದು. ಹೊರ ಉಬ್ಬು, ಒಳ ಬಾಗುಗಳನ್ನು ಕೀಸಲು ಸ್ಟ್ಯಾನ್ಲಿ ಪ್ರತ್ಯೇಕವಾಗಿ ಮಾರುತ್ತಿದ್ದ ತಳಗಳು ಇವು. 6, 8, 10, 12 ಎಂಬ ನಂಬರುಗಳಲ್ಲಿ ಬರುತ್ತಿದ್ದವು. ಮೆಟ್ಟಿಲ ಹಲಗೆಯ ಮುಂದಂಚನ್ನು ಗುಂಡಾಗಿಸುವ 5ನೇ ನಂಬರಿನ ತಳವೂ ಇತ್ತು. ಜಾರುವ ಭಾಗವನ್ನು ಬಿಚ್ಚಿ ಅದರ ಜಾಗದಲ್ಲಿ ಇವನ್ನು ಏರಿಸುತ್ತಿದ್ದರು. ಹತ್ತರಿಯ ಜೊತೆ ಒಂದೇ ಡಬ್ಬಿಯಲ್ಲಿ ಬಾರದೆ ಬೇರೆಯಾಗಿ ಕೊಂಡವಾದ್ದರಿಂದ ಬೇರೆಯಾಗಿಯೇ ಕಳೆದುಹೋಗುವ ಸಾಧ್ಯತೆಯೂ ಹೆಚ್ಚು.

ಮೂರೆಸಳಿನ ಬಿಲ್ಲೆಯ ಕತೆ ಇನ್ನೂ ಸೊಗಸು. ಅದು ಬೆರಳ ತುದಿಯಲ್ಲಿ ಕೂರುವಷ್ಟು ಸಣ್ಣದು, ನಡುವೆ ಸ್ಕ್ರೂವಿಗೆ ಒಂದು ತೂತು. ನಾಲ್ಕು ಎಸಳಿರಬೇಕಾದ ಹೂವಿನಲ್ಲಿ ಒಂದೆಸಳು ಉದುರಿದಂತೆ ಕಾಣುತ್ತದೆ. ಗುಂಡಿಯೋ, ಅಲಂಕಾರದ ಚೂರೋ ಎಂದು ಬಿಸಾಡುವುದು ಸುಲಭ. ಎಸಳುಗಳ ಅಂಚನ್ನು ಉಗುರಿನಿಂದ ಸವರಿ ನೋಡಿದರೆ ಹರಿತ ತಿಳಿಯುತ್ತದೆ. ಮರದ ಎಳೆಗೆ ಅಡ್ಡವಾಗಿ ಗ್ರೂವ್ ತೆಗೆಯುವಾಗ ಬ್ಲೇಡು ಎಳೆಗಳನ್ನು ಕಿತ್ತು ಅಂಚನ್ನು ಹಾಳುಮಾಡುತ್ತದೆ. ಬ್ಲೇಡಿಗಿಂತ ಮುಂದೆ ಹೋಗಿ ಆ ಎಳೆಗಳನ್ನು ಮೊದಲೇ ಕತ್ತರಿಸಿಡುವ ಚಾಕು ಈ ಬಿಲ್ಲೆ. ಒಂದೆಸಳು ಮೊಂಡಾದರೆ ತಿರುಗಿಸಿ ಇನ್ನೊಂದನ್ನು ಕೆಳಗೆ ತರಬಹುದು. ಎಳೆಯ ದಿಕ್ಕಿನಲ್ಲಿ ಕೀಸುವಾಗ ಚಾಕು ಬೇಡ. ಆಗ ಎಸಳಿಲ್ಲದ ಖಾಲಿ ಕಡೆಯನ್ನು ಕೆಳಗೆ ತಿರುಗಿಸಿ ಬಿಗಿಯುತ್ತಾರೆ. ಉದುರಿದಂತೆ ಕಾಣುವ ಎಸಳು ಬೇಕೆಂದೇ ಬಿಟ್ಟ ಜಾಗ. ಅದು ಕೂರಲು ಹತ್ತರಿಯ ತೆಳುಪಟ್ಟಿಯ ಪಕ್ಕದಲ್ಲಿ ತಕ್ಕ ತಗ್ಗನ್ನೂ ಮಾಡಿರುತ್ತಾರೆ. ಬಿಲ್ಲೆಯನ್ನು ಆ ತಗ್ಗಿನಲ್ಲಿಟ್ಟು ನೋಡಿದ ಕ್ಷಣ ಯಾವ ಪುಸ್ತಕವೂ ಬೇಕಿಲ್ಲ.

ಚೌಕ, ಓರೆ, ತಿರುಪು

ಬುಡವೇ ಹೇಳುತ್ತದೆ ಎಂಬ ಮಾತು ಹತ್ತರಿಗೆ ಮಾತ್ರ ಸೀಮಿತವಲ್ಲ. ವಿದ್ಯುತ್ ಡ್ರಿಲ್ ಬರುವ ಮೊದಲು ದಪ್ಪ ತೂತು ಕೊರೆಯಲು ಬಳಸುತ್ತಿದ್ದ ಡೊಂಕು ಹಿಡಿಯ ಬ್ರೇಸನ್ನು ನೋಡಿ. ಅದರ ಬಿಟ್‌ಗಳ ತಲೆ ಚೌಕವಾಗಿದ್ದು ತುದಿಯ ಕಡೆಗೆ ಕಿರಿದಾಗುತ್ತ ಹೋಗುತ್ತದೆ. ಈ ಚೌಕ ತಲೆ ಕಂಡರೆ ಅದು ಬ್ರೇಸಿನ ಕುಟುಂಬಕ್ಕೆ ಸೇರಿದ್ದೆಂದು ಹೇಳಬಹುದು, ಬಾಯಿ ಯಾವ ಆಕಾರದ್ದೇ ಆಗಿರಲಿ. ಆ ಕುಟುಂಬ ದೊಡ್ಡದು: ತೂತು ಕೊರೆಯುವ ಬಿಟ್‌ಗಳು, ಸ್ಕ್ರೂ ತಿರುಗಿಸುವ ತುದಿಗಳು, ಸ್ಕ್ರೂವಿನ ತಲೆ ಮುಳುಗಲು ತಗ್ಗು ಮಾಡುವ ಮೊಗ್ಗಿನಾಕಾರದ ತುದಿಗಳು, ಬಂಡಿ ಚಕ್ರದ ಅರೆಕಾಲುಗಳ ತುದಿಯನ್ನು ದುಂಡಗೆ ಕೆತ್ತುವ ಟೊಳ್ಳು ಕೊರೆಗಳು. ಕೊನೆಯದು ಒಂಟಿಯಾಗಿ ಸಿಕ್ಕರೆ ಕೃಷಿಯ ಸಾಮಾನೆಂದೋ ಕೊಳಾಯಿಯ ಭಾಗವೆಂದೋ ಭ್ರಮೆಯಾಗುವುದು ಖಂಡಿತ. ಚೌಕ ತಲೆ ಆ ಭ್ರಮೆ ಕಳೆಯುತ್ತದೆ.

ಇಂಥ ತಿರುಚು ಬಿಟ್‌ಗಳ ಚೌಕ ತಲೆಯ ಮೇಲೆ ಒಂದು ಅಂಕಿ ಇರುತ್ತದೆ. 8 ಎಂದಿದ್ದರೆ ಎಂಟು ಮಿಲಿಮೀಟರ್ ಎಂದು ತಿಳಿಯುವುದು ಸಹಜ. ವರ್ನಿಯರ್ ಕ್ಯಾಲಿಪರ್ ಹಿಡಿದರೆ ಹನ್ನೆರಡೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು ತೋರಿಸುತ್ತದೆ. ಕಾರಣ, ಆ ಅಂಕಿ ಇಂಚಿನ ಹದಿನಾರನೇ ಭಾಗಗಳ ಲೆಕ್ಕ. 8 ಎಂದರೆ ಅರ್ಧ ಇಂಚು, ನಮ್ಮ ಬಡಗಿಗಳ ಮಾತಿನಲ್ಲಿ ನಾಲ್ಕು ಸೂತು. ಅಳತೆ ಮೊದಲು, ಅಂಕಿ ಆಮೇಲೆ ಎಂಬ ಕ್ರಮ ಪಾಲಿಸಿದವರಿಗೆ ಈ ಗೊಂದಲ ಬರುವುದಿಲ್ಲ. ಬಿಟ್‌ನ ಸುರುಳಿಯೂ ಸುಳಿವು ಕೊಡುತ್ತದೆ. ಎರಡು ಎಳೆ ಹೆಣೆದಂತಿರುವುದು 1855ರಲ್ಲಿ ರಸೆಲ್ ಜೆನಿಂಗ್ಸ್ ಪೇಟೆಂಟ್ ಪಡೆದ ಮಾದರಿ; ನಡುವೆ ಗಟ್ಟಿ ಸರಳಿದ್ದು ಸುತ್ತ ಒಂದೇ ಸುರುಳಿಯಿರುವುದು 1880ರ ದಶಕದ ಅರ್ವಿನ್ ಮಾದರಿ.

ನಾಲ್ಕು ಹಲ್ಲಿನ ತುಂಡು ಲೇತ್‌ಗೆ ಸೇರಿದ್ದು. ಮರದ ತುಂಡಿನ ಒಂದು ತುದಿಗೆ ಹಲ್ಲುಗಳನ್ನು ನೆಟ್ಟು ಅದನ್ನು ತಿರುಗಿಸುವ ಕೆಲಸ ಅದರದು. ಆದರೆ ಯಾವ ಲೇತ್‌ನದು? ಅದರ ಹಿಂಬದಿ ಸಿಲಿಂಡರಿನಂತೆ ಕಂಡರೂ ತುದಿಯ ಕಡೆಗೆ ಬಲು ನಿಧಾನವಾಗಿ ಕಿರಿದಾಗುತ್ತದೆ. 1860ರ ದಶಕದಲ್ಲಿ ಸ್ಟೀಫನ್ ಮೋರ್ಸ್ ರೂಪಿಸಿದ ಓರೆ ಇದು. ಸುಮಾರು ಇಪ್ಪತ್ತಕ್ಕೆ ಒಂದರ ಪ್ರಮಾಣದಲ್ಲಿ ಸಪೂರವಾಗುತ್ತದೆ. ದಪ್ಪ ಕಡೆಯ ವ್ಯಾಸ ಸುಮಾರು 12 ಮಿಲಿಮೀಟರ್ ಇದ್ದರೆ ಒಂದನೇ ನಂಬರು, 17.8ರ ಆಸುಪಾಸು ಇದ್ದರೆ ಎರಡನೇ ನಂಬರು. ಇಂದಿಗೂ ಲೋಕದ ಲೇತ್‌ಗಳಲ್ಲಿ ಇದೇ ಅಳತೆ ನಡೆಯುತ್ತಿರುವುದರಿಂದ, ನೂರು ವರ್ಷದ ಹಳೆಯ ತುಂಡು ಹೊಸ ಯಂತ್ರದಲ್ಲಿ ಸಲೀಸಾಗಿ ಕೂರಬಹುದು. ಅದರ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಇಲ್ಲದಿದ್ದರೂ ಈ ಸತ್ಯ ಬದಲಾಗದು.

ಥ್ರೆಡ್‌ಗಳು ದೇಶವನ್ನೇ ಸೂಚಿಸಬಲ್ಲವು. ಜೋಸೆಫ್ ವಿಟ್ವರ್ತ್ 1841ರಲ್ಲಿ ಇಂಗ್ಲೆಂಡಿಗೆ ಕೊಟ್ಟ ಥ್ರೆಡ್‌ನ ಕೋನ 55 ಡಿಗ್ರಿ. ವಿಲಿಯಂ ಸೆಲ್ಲರ್ಸ್ 1864ರಲ್ಲಿ ಅಮೆರಿಕಕ್ಕೆ ಸೂಚಿಸಿದ್ದು 60 ಡಿಗ್ರಿ. ಥ್ರೆಡ್ ಗೇಜಿನ ಎಲೆಯನ್ನು ಹಲ್ಲಿಗೆ ಹಚ್ಚಿ ಬೆಳಕಿಗೆ ಹಿಡಿದರೆ ಸಂದಿ ಕಾಣುತ್ತದೋ ಇಲ್ಲವೋ ನೋಡಿ ತೀರ್ಮಾನಿಸಬಹುದು. ಸ್ಟ್ಯಾನ್ಲಿಯಂಥ ಕಂಪನಿಗಳು ಇಂಚಿಗೆ 24 ಸುತ್ತಿರುವ ಒಂಬತ್ತು ಮೂವತ್ತೆರಡನೇ ಇಂಚಿನ ಸ್ಕ್ರೂವಿನಂಥ ತಮ್ಮದೇ ಅಳತೆಗಳನ್ನು ಬಳಸಿದವು. ಅಂಗಡಿಯ ಸ್ಕ್ರೂ ಇದಕ್ಕೆ ಹೊಂದದು. ಕಳೆದ ಸ್ಕ್ರೂವಿನ ಬದಲು ಸುಮಾರಾಗಿ ಹೋಲುವ ಇನ್ನೊಂದನ್ನು ಒತ್ತಾಯದಿಂದ ತಿರುಗಿಸಿದರೆ ಹಳೆಯ ಎರಕದ ಥ್ರೆಡ್ ಶಾಶ್ವತವಾಗಿ ಕೆಡುತ್ತದೆ. ಸಾಕ್ಷಿಯೂ ಹೋಯಿತು, ಸಾಮಾನೂ ಹೋಯಿತು.

ಹೆಸರು ಯಾಕೆ ಸಾಲದು

ಹೆಸರು ಕೆತ್ತಿದ್ದರೆ ಅದಕ್ಕಿಂತ ಸ್ಪಷ್ಟ ಸಾಕ್ಷಿ ಇನ್ನೇನು ಬೇಕು ಎಂದು ಕೇಳಬಹುದು. ಹೆಸರು ಏನನ್ನು ಹೇಳುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು. ಅದು ತಯಾರಕನದಾಗಿರಬಹುದು, ಮಾರಿದವನದಾಗಿರಬಹುದು, ಬಳಸಿದವನದಾಗಿರಬಹುದು. ಅಮೆರಿಕದ ಸಿಮನ್ಸ್ ಹಾರ್ಡ್‌ವೇರ್ ಎಂಬ ಮಾರಾಟ ಸಂಸ್ಥೆ ಕೀನ್ ಕಟರ್ ಹೆಸರಿನಲ್ಲಿ ಹತ್ತರಿ ಮಾರುತ್ತಿತ್ತು. ಅವುಗಳಲ್ಲಿ ಹಲವನ್ನು ಮಾಡಿಕೊಟ್ಟದ್ದು ಸ್ಟ್ಯಾನ್ಲಿ. ಇಂಗ್ಲೆಂಡಿನ ಮರದ ಹತ್ತರಿಗಳ ಮೇಲೆ ಎರಡು ಮೂರು ಹೆಸರು ಒತ್ತಿರುವುದು ಸಾಮಾನ್ಯ. ಒಂದು ತಯಾರಕನದು, ಉಳಿದವು ಒಬ್ಬರಿಂದ ಒಬ್ಬರಿಗೆ ಕೈ ಬದಲಾದಾಗ ಒಡೆಯರು ಒತ್ತಿಸಿದ ತಮ್ಮ ಹೆಸರುಗಳು. ಕಾರ್ಖಾನೆಯಲ್ಲಿ ನೂರು ಜನ ಒಟ್ಟಿಗೆ ದುಡಿಯುವಾಗ ತನ್ನ ಸಾಮಾನಿಗೆ ಗುರುತು ಹಾಕಿಕೊಳ್ಳದೆ ವಿಧಿಯಿರಲಿಲ್ಲ. ಆ ಹೆಸರನ್ನೇ ಕಂಪನಿಯೆಂದು ಹುಡುಕಿಕೊಂಡು ಹೋದರೆ ಸಿಗುವುದೇನೂ ಇಲ್ಲ.

ತಾರೀಖುಗಳ ಪಾಡೂ ಇಷ್ಟೇ. ಅಮೆರಿಕದ ಕಾನೂನು 1842ರಿಂದ ಪೇಟೆಂಟ್ ಪಡೆದ ವಸ್ತುಗಳ ಮೇಲೆ ಪೇಟೆಂಟ್ ಸಿಕ್ಕ ದಿನ ಒತ್ತುವಂತೆ ಹೇಳಿತು; 1927ರ ನಂತರ ದಿನದ ಬದಲು ಪೇಟೆಂಟ್ ಸಂಖ್ಯೆ ಬಂತು. ಸ್ಟ್ಯಾನ್ಲಿಯ ಎಷ್ಟೋ ಸಾಮಾನ್ಯ ಹತ್ತರಿಗಳ ಮೇಲೆ 1902ರ ಮಾರ್ಚ್ 25, ಆಗಸ್ಟ್ 19 ಎಂಬ ಎರಡು ತಾರೀಖುಗಳಿವೆ. 1910ರ ಏಪ್ರಿಲ್ 19 ಎಂಬ ಮೂರನೆಯದೂ ಕೆಲವುಗಳಲ್ಲಿದೆ. ಮೂರೂ ಇರುವ ಹತ್ತರಿ 1902ರದಾಗಿರಲು ಸಾಧ್ಯವಿಲ್ಲ. ತಾರೀಖು ಹೇಳುವುದು ಇದಕ್ಕಿಂತ ಹಿಂದಿನದಲ್ಲ ಎಂಬುದನ್ನಷ್ಟೆ, ಎಷ್ಟು ಮುಂದಿನದು ಎಂಬುದನ್ನಲ್ಲ. ಹೃದಯದಾಕಾರದೊಳಗೆ ಎಸ್ ಡಬ್ಲ್ಯು ಎಂದಿರುವ ಸ್ಟ್ಯಾನ್ಲಿಯ ಪ್ರಸಿದ್ಧ ಮುದ್ರೆ 1920ರಿಂದ ಸುಮಾರು ಹದಿನೈದು ವರ್ಷ ಬಳಕೆಯಲ್ಲಿತ್ತು. ಆ ಮುದ್ರೆಯಿರುವುದು ಬ್ಲೇಡಿನ ಮೇಲೆ. ಸವೆದ ಬ್ಲೇಡು ತೆಗೆದು ಹೊಸದು ಹಾಕುವುದು ಬಡಗಿಯ ನಿತ್ಯದ ಕೆಲಸವಾದ್ದರಿಂದ, ಅದರಿಂದ ತಿಳಿಯುವುದು ಬ್ಲೇಡಿನ ವಯಸ್ಸು ಮಾತ್ರ.

ಭಾರತದಲ್ಲಿ ಸಿಕ್ಕ ತುಂಡಾದರೆ ಇನ್ನೊಂದು ಮಿತಿಗೆರೆ ಎಳೆಯಬಹುದು. 1956ರ ತೂಕ ಮತ್ತು ಅಳತೆ ಕಾಯ್ದೆಯ ಪ್ರಕಾರ 1958ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಇಲ್ಲಿ ಜಾರಿಗೆ ಬಂತು. ಭಾರತದಲ್ಲೇ ತಯಾರಾಗಿ ಮಿಲಿಮೀಟರಿನಲ್ಲಿ ಮಾತ್ರ ಅಳತೆ ಒತ್ತಿರುವ ಬಿಡಿಭಾಗ ಆ ಬದಲಾವಣೆಯ ಕಾಲದ್ದು ಅಥವಾ ನಂತರದ್ದಾಗಿರುವ ಸಂಭವವೇ ಹೆಚ್ಚು. ತಿರುಗುಮುರುಗಾಗಿ ವಾದಿಸುವಂತಿಲ್ಲ, ಇಂಚಿನ ಅಳತೆ ಇದೆಯೆಂದ ಮಾತ್ರಕ್ಕೆ ಅದು ಹಳೆಯದಲ್ಲ, ಏಕೆಂದರೆ ಇಂಚು ನಮ್ಮ ಮರಗೆಲಸದಿಂದ ಇಂದಿಗೂ ಹೋಗಿಲ್ಲ. ಗುರುತುಗಳೆಲ್ಲ ಹೀಗೆ ಒಂದು ಕಡೆಗೆ ಮಾತ್ರ ಬಾಗಿಲು ಮುಚ್ಚುತ್ತವೆ. ಬುಡ ಮತ್ತು ಸವೆತ ಮೊದಲೇ ಹೇಳಿದ್ದನ್ನು ಖಚಿತಪಡಿಸಲು ಅವು ಬೇಕು. ಆರಂಭಕ್ಕೆ ಅವು ಸಾಲವು.

ಒಟ್ಟಿಗಿದ್ದದ್ದನ್ನು ಒಟ್ಟಿಗೇ ಇಡಿ

ಸ್ವೀಡನ್ನಿನ ಗಾಟ್‌ಲೆಂಡ್ ದ್ವೀಪದ ಮೆಸ್ಟರ್‌ಮಿರ್ ಎಂಬಲ್ಲಿ 1936ರಲ್ಲಿ ಉಳುಮೆ ಮಾಡುವಾಗ ಓಕ್ ಮರದ ಪೆಟ್ಟಿಗೆಯೊಂದು ನೇಗಿಲಿಗೆ ಸಿಕ್ಕಿತು. ಸುಮಾರು ಒಂದು ಸಾವಿರ ವರ್ಷ ಹಳೆಯ, ವೈಕಿಂಗ್ ಕಾಲದ ಪೆಟ್ಟಿಗೆ. ಅದರೊಳಗೂ ಸುತ್ತಲೂ ಇನ್ನೂರಕ್ಕೂ ಹೆಚ್ಚು ವಸ್ತುಗಳಿದ್ದವು: ಬಾಚಿ, ಕೊಡಲಿ, ಗರಗಸ, ಅರ, ಚಮಚದಾಕಾರದ ಬೈರಿಗೆ ತುದಿಗಳು, ಕಮ್ಮಾರನ ಸುತ್ತಿಗೆ, ಇಕ್ಕಳ, ಬೀಗಗಳು. ಯಾವುದರ ಮೇಲೂ ಕಂಪನಿಯ ಹೆಸರಿರುವ ಪ್ರಶ್ನೆಯೇ ಇಲ್ಲ. ಅವನ್ನು ಬಿಡಿಬಿಡಿಯಾಗಿ ಬೇರೆ ಬೇರೆ ಊರಿನಲ್ಲಿ ಕಂಡಿದ್ದರೆ ಒಂದೊಂದೂ ಒಂದೊಂದು ಕಬ್ಬಿಣದ ತುಂಡು. ಒಂದೇ ಪೆಟ್ಟಿಗೆಯಲ್ಲಿ ಸಿಕ್ಕಿದ್ದರಿಂದಲೇ ಮರಗೆಲಸ, ಕಬ್ಬಿಣದ ಕೆಲಸ ಎರಡೂ ಒಂದೇ ಕಸುಬಿನಲ್ಲಿ ಬೆರೆತಿದ್ದ ಕಾಲದ ಚಿತ್ರ ವಿದ್ವಾಂಸರ ಕಣ್ಣಿಗೆ ಬಿತ್ತು.

ಇನ್ನೊಂದು ಸಾಕ್ಷಿ ಇಂಗ್ಲೆಂಡಿನದು. 1545ರಲ್ಲಿ ಮುಳುಗಿದ ಮೇರಿ ರೋಸ್ ಯುದ್ಧನೌಕೆಯನ್ನು 1982ರಲ್ಲಿ ಮೇಲೆತ್ತಿದರು. ಹಡಗಿನ ಬಡಗಿಗಳ ಪೆಟ್ಟಿಗೆಗಳು ಅದರಲ್ಲಿದ್ದವು. ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಉಪ್ಪುನೀರಿನಲ್ಲಿದ್ದ ಉಪಕರಣಗಳ ಕಬ್ಬಿಣ ಬಹುಪಾಲು ಕರಗಿಹೋಗಿತ್ತು. ಕೆಸರಿನಲ್ಲಿ ಹುದುಗಿದ್ದ ಮರದ ಹಿಡಿಗಳು, ಹತ್ತರಿಯ ಮರದ ದೇಹಗಳು ಉಳಿದಿದ್ದವು. ಕತ್ತರಿಸುವ ಬಾಯಿಯೇ ಇಲ್ಲದ ಹಿಡಿಯನ್ನು ನೋಡಿ ಅದರಲ್ಲಿ ಏನು ಕೂತಿತ್ತೆಂದು ತಜ್ಞರು ಹೇಳಿದ್ದು ಹೇಗೆ? ಹಿಡಿಯಲ್ಲಿ ಉಳಿದ ಕುಳಿಯ ಆಕಾರ, ಅಗಲ, ಓರೆ ನೋಡಿ. ಬಾಯಿ ಕರಗಿದರೂ ಅದು ಕೂತಿದ್ದ ಜಾಗ ಸಾಕ್ಷಿಯಾಗಿ ಉಳಿಯಿತು. ನಮ್ಮ ಮನೆಯ ಪೆಟ್ಟಿಗೆಗೂ ಇದೇ ನಿಯಮ ಅನ್ವಯಿಸುತ್ತದೆ.

ಹೀಗಿರುವಾಗ ಹಿರಿಯರ ಪೆಟ್ಟಿಗೆ ತೆರೆದ ಕೂಡಲೇ ಉಳಿಗಳನ್ನು ಒಂದು ಕಡೆ, ಬಿಟ್‌ಗಳನ್ನು ಇನ್ನೊಂದು ಕಡೆ, ಗೊತ್ತಿಲ್ಲದ್ದನ್ನು ಮತ್ತೊಂದು ಕಡೆ ಎಂದು ವಿಂಗಡಿಸುವುದು ಒಳ್ಳೆಯ ಮನಸ್ಸಿನಿಂದಲೇ ಮಾಡುವ ದೊಡ್ಡ ಹಾನಿ. ಬ್ಲೇಡುಗಳ ಜೊತೆ ಒಂದೇ ಡಬ್ಬಿಯಲ್ಲಿದ್ದ ಬಿಲ್ಲೆ ಆ ಬ್ಲೇಡುಗಳ ಹತ್ತರಿಯದೇ ಎನ್ನಲು ಆ ಡಬ್ಬಿಯೇ ಆಧಾರ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಹತ್ತರಿ ಒಬ್ಬನಿಗೆ, ಅದರ ಸರಳುಗಳು ಇನ್ನೊಬ್ಬನಿಗೆ ಹೋದರೆ ಇಬ್ಬರಿಗೂ ಸಿಕ್ಕಿದ್ದು ಗುಜರಿ. ಮುಟ್ಟುವ ಮೊದಲು ಪೆಟ್ಟಿಗೆಯ ಒಂದೊಂದು ಪದರಕ್ಕೂ ಫೋಟೊ ತೆಗೆದುಕೊಳ್ಳುವುದು, ಯಾವ ಡಬ್ಬಿಯಿಂದ ಏನು ಬಂತೆಂದು ಚೀಟಿ ಬರೆದಿಡುವುದು ಯಾರಿಗೂ ಭಾರವಾಗುವ ಕೆಲಸವಲ್ಲ.

ಆಕ್ಷೇಪಗಳಿಗೆ ಉತ್ತರ

ಇಷ್ಟೆಲ್ಲ ಯಾಕೆ, ಮೊಬೈಲಿನಲ್ಲಿ ಫೋಟೊ ತೆಗೆದು ಹುಡುಕಿದರೆ ಹೆಸರು ಬರುವುದಿಲ್ಲವೇ ಎಂಬುದು ಇಂದಿನ ಮೊದಲ ಆಕ್ಷೇಪ. ಕೆಲವೊಮ್ಮೆ ಬರುತ್ತದೆ, ಆ ಅನುಕೂಲವನ್ನು ಬಿಡಬೇಕಾಗಿಲ್ಲ. ಆದರೆ ಚಿತ್ರ ಹೋಲಿಸುವುದು ಹೊರಗೆರೆಯನ್ನು. ಚೌಕ ತಲೆಯ ಓರೆ, ತೂತುಗಳ ನಡುವಿನ ದೂರ, ಥ್ರೆಡ್‌ನ ಕೋನ ಇವು ಹೊರಗೆರೆಯಲ್ಲಿಲ್ಲ. ಒಂದೇ ಆಕಾರದ ಬ್ಲೇಡುಗಳು 45ಕ್ಕೂ ಇವೆ, 405ಕ್ಕೂ ಇವೆ. ಫೋಟೊದಲ್ಲಿ ಎರಡೂ ಒಂದೇ. ಬುಡ ಅಳೆದು, ಆ ಅಳತೆಯೊಂದಿಗೆ ಫೋಟೊ ತೋರಿಸಿ ಕೇಳಿದಾಗ ಬರುವ ಉತ್ತರಕ್ಕೆ ಬೆಲೆ ಹೆಚ್ಚು.

ತುಕ್ಕು ತೆಗೆಯದೆ ಅಳೆಯುವುದು ಹೇಗೆ ಎಂಬುದು ಎರಡನೆಯದು. ಇದರಲ್ಲಿ ಸತ್ಯವಿದೆ. ಎಣ್ಣೆ, ಬಟ್ಟೆ, ಗಟ್ಟಿ ಎಳೆಯ ಹಳೆಯ ಬ್ರಷ್, ಕೊಂಚ ತಾಳ್ಮೆ ಇದ್ದರೆ ಸಡಿಲ ತುಕ್ಕು ಹೋಗುತ್ತದೆ, ಅಷ್ಟು ಸಾಕು. ಗ್ರೈಂಡರಿನ ಚಕ್ರ ಹಿಡಿದರೆ ಕಳೆಯುವುದು ತುಕ್ಕು ಮಾತ್ರವಲ್ಲ. ಆಳವಿಲ್ಲದ ಮುದ್ರೆ ಅಳಿಯುತ್ತದೆ, ಉಳಿದಿದ್ದ ನಿಕ್ಕಲ್ ಲೇಪ ಕಿತ್ತುಬರುತ್ತದೆ, ಸವೆತದ ಗುರುತುಗಳು ಒಂದಾಗುತ್ತವೆ. 45ರ ಸರಳಿನ ಮೇಲೆ ಬಿಗಿಸುವ ಸ್ಕ್ರೂವಿನ ಮೊನೆ ಮತ್ತೆ ಮತ್ತೆ ಕಚ್ಚಿ ಮಾಡಿದ ಸಣ್ಣ ಚುಕ್ಕಿಗಳಿರುತ್ತವೆ. ಆ ಚುಕ್ಕಿಗಳು ದಟ್ಟವಾಗಿರುವ ಜಾಗ ನೋಡಿದರೆ ಅದರ ಒಡೆಯ ಯಾವ ಅಗಲದ ಕೆಲಸ ಹೆಚ್ಚಾಗಿ ಮಾಡುತ್ತಿದ್ದನೆಂದು ತಿಳಿಯುತ್ತದೆ. ಒಬ್ಬ ಮನುಷ್ಯನ ದುಡಿಮೆಯ ದಾಖಲೆ ಅದು. ಕನ್ನಡಿಯಂತೆ ಹೊಳೆಯಲಿ ಎಂದು ಅದನ್ನು ಉಜ್ಜಿ ತೆಗೆಯಬಾರದು. ಮಂಕಾದ ಅಕ್ಷರ ಓದಬೇಕಿದ್ದರೆ ಕೋಣೆ ಕತ್ತಲು ಮಾಡಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ತಗ್ಗಿನ ನೆರಳೇ ಅಕ್ಷರವನ್ನು ತೋರಿಸುತ್ತದೆ.

ಮೂರನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಬಡಗಿಗಳು ಎಷ್ಟೋ ಸಾಮಾನುಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಯಾವ ಕ್ಯಾಟಲಾಗಿನಲ್ಲೂ ಇಲ್ಲದ ತುಂಡನ್ನು ಗುರುತಿಸುವುದು ಹೇಗೆ? ಈ ಪ್ರಶ್ನೆ ನನ್ನ ವಾದಕ್ಕೇ ಬಲ ಕೊಡುತ್ತದೆ. ಹೆಸರಿನಿಂದ ಹೊರಟವರು ಇಲ್ಲಿ ಸೋಲುತ್ತಾರೆ, ಬುಡದಿಂದ ಹೊರಟವರು ಸೋಲುವುದಿಲ್ಲ. ಸವೆದ ಅರವನ್ನು ಅರೆದು ಮಾಡಿದ ಬ್ಲೇಡಿನ ಬೆನ್ನಿನಲ್ಲಿ ಅರದ ಹಲ್ಲಿನ ಗೆರೆಗಳು ಇನ್ನೂ ಉಳಿದಿರುತ್ತವೆ. ಮುರಿದ ಗರಗಸದ ಚೂರಿನಿಂದ ಕತ್ತರಿಸಿದ ಬೀಡಿಂಗ್ ಪಟ್ಟಿಯ ದಪ್ಪ ಗರಗಸದ ದಪ್ಪವೇ. ಅದು ಯಾವ ಹಿಡಿಯ ಸೀಳಿನಲ್ಲಿ ಕೂರುತ್ತದೆಂದು ಪೆಟ್ಟಿಗೆಯಲ್ಲೇ ಹುಡುಕಿದರೆ ಜೋಡಿ ಸಿಗಬಹುದು. ಇಂಥ ತುಂಡಿಗೆ ಮಾರುಕಟ್ಟೆಯ ಹೆಸರಿಲ್ಲ, ಆದರೆ ಕೆಲಸ ಇದೆ, ಜಾಗ ಇದೆ. ಗುರುತಿಸುವುದು ಎಂದರೆ ಕೊನೆಗೂ ಇವೆರಡನ್ನು ತಿಳಿಯುವುದೇ.

ಎಷ್ಟು ಹುಡುಕಿದರೂ ತಿಳಿಯದೇ ಉಳಿಯುವವು ಇರುತ್ತವಲ್ಲ ಎಂದರೆ, ಹೌದು, ಇರುತ್ತವೆ. ಹಳೆಯ ಉಪಕರಣಗಳನ್ನು ಅಧ್ಯಯನ ಮಾಡುವ ಅಮೆರಿಕದ ಅರ್ಲಿ ಅಮೆರಿಕನ್ ಇಂಡಸ್ಟ್ರೀಸ್ ಅಸೋಸಿಯೇಶನ್ 1933ರಿಂದಲೂ ಇದೆ; ಇದು ಏನೆಂದು ಬಲ್ಲಿರಾ ಎಂದು ಸದಸ್ಯರನ್ನು ಕೇಳುವುದು ಅದರ ಹಳೆಯ ಸಂಪ್ರದಾಯ. ತಜ್ಞರೇ ಒಬ್ಬರನ್ನೊಬ್ಬರು ಕೇಳಿ ತಿಳಿಯುವ ಕ್ಷೇತ್ರ ಇದು. ರಾಫೆಲ್ ಸಲಮನ್ 1975ರಲ್ಲಿ ಪ್ರಕಟಿಸಿದ ಮರಗೆಲಸದ ಉಪಕರಣಗಳ ನಿಘಂಟು, ಶೆಫೀಲ್ಡಿನ ಕೆಲ್ಹಮ್ ಐಲ್ಯಾಂಡ್ ಮ್ಯೂಸಿಯಂನಲ್ಲಿರುವ ಕೆನ್ ಹಾಲೆಯವರ ಸಂಗ್ರಹ ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವವರಿಗೆ ದಾರಿ ತೋರಿಸುತ್ತವೆ. ತಜ್ಞರ ಮುಂದೆ ಹೋಗುವಾಗ ಕೈಯಲ್ಲಿ ಅಳತೆ ಇರಲಿ ಎಂಬುದೊಂದೇ ಷರತ್ತು.

ಕೊನೆಯ ಆಕ್ಷೇಪ ಮನಸ್ಸಿಗೆ ಹೆಚ್ಚು ನಾಟುವಂಥದ್ದು. ವಿದ್ಯುತ್ ರೌಟರ್ ಕೆಲವೇ ನಿಮಿಷದಲ್ಲಿ ಮಾಡುವ ಕೆಲಸಕ್ಕೆ ಈ ತುಂಡುಗಳ ಹಿಂದೆ ಯಾಕೆ ಬೀಳಬೇಕು? ಆಯುಧಪೂಜೆಯ ದಿನ ಕುಂಕುಮ ಹಚ್ಚಿ ಮತ್ತೆ ಅಟ್ಟಕ್ಕೆ ಏರಿಸಿದರೆ ಗೌರವ ಸಲ್ಲಿಸಿದಂತಾಗದೇ? ಪೂಜೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಏನೆಂದು ತಿಳಿಯದೆ ಇಟ್ಟುಕೊಂಡ ವಸ್ತು ಮುಂದಿನ ತಲೆಮಾರಿನಲ್ಲಿ ಗುಜರಿ ಸೇರುವುದು ಬಹುತೇಕ ಖಚಿತ. ಅಮೆರಿಕದ ಹೆನ್ರಿ ಮರ್ಸರ್ 1897ರಿಂದ ಕೈ ಉಪಕರಣಗಳನ್ನು ಕೂಡಿಹಾಕತೊಡಗಿದ್ದು, ಯಂತ್ರಗಳು ಬಂದವೆಂದು ಜನ ಅವನ್ನು ಎಸೆಯುತ್ತಿದ್ದಾಗಲೇ. ಅವರ ಸಂಗ್ರಹ 1916ರಲ್ಲಿ ಪೆನ್ಸಿಲ್ವೇನಿಯಾದ ಡಾಯ್ಲ್ಸ್‌ಟೌನ್‌ನಲ್ಲಿ ವಸ್ತುಸಂಗ್ರಹಾಲಯವಾಯಿತು, 1929ರಲ್ಲಿ ಹಳೆಯ ಬಡಗಿಗಳ ಉಪಕರಣಗಳ ಬಗ್ಗೆ ಅವರ ಪುಸ್ತಕ ಬಂತು. ಆ ಕೆಲಸವಾಗದಿದ್ದರೆ ಇಂದು ನಾವು ಹೋಲಿಸಿ ನೋಡಲು ಇರುವ ಆಧಾರಗಳಲ್ಲಿ ಎಷ್ಟೋ ಇರುತ್ತಿರಲಿಲ್ಲ.

ಉಪಯೋಗವೂ ಕಡಿಮೆಯಲ್ಲ. ಹಳೆಯ ಮನೆಯ ಬಾಗಿಲ ಚೌಕಟ್ಟಿನ ಬೀಡಿಂಗ್ ಒಂದು ಕಡೆ ಮುರಿದರೆ, ಇಂದಿನ ರೌಟರಿನ ಬಿಟ್ ಅದೇ ಬಾಗು ಕೊಡುವುದು ಕಷ್ಟ. ಆ ಬಾಗು ಮಾಡಿದ ಬ್ಲೇಡೇ ಪೆಟ್ಟಿಗೆಯಲ್ಲಿದ್ದರೆ ಜೋಡಣೆ ಕಣ್ಣಿಗೆ ಕಾಣದಂತೆ ಆಗುತ್ತದೆ. ಗುರುತಿಸದೆ ಬಳಸುವುದು ಅಪಾಯವೂ ಹೌದು. ಬ್ರೇಸಿನ ತಿರುಚು ಬಿಟ್‌ನ ತುದಿಯಲ್ಲಿರುವ ಸಣ್ಣ ಸ್ಕ್ರೂ ತಾನೇ ಮರದೊಳಗೆ ಎಳೆದುಕೊಂಡು ಹೋಗಲು ಮಾಡಿದ್ದು. ಕೈಯಿಂದ ನಿಧಾನವಾಗಿ ತಿರುಗಿಸುವಾಗ ಅದು ವರ. ಚೌಕ ತಲೆಯನ್ನು ಕತ್ತರಿಸಿ ವೇಗದ ವಿದ್ಯುತ್ ಡ್ರಿಲ್‌ಗೆ ಸಿಕ್ಕಿಸಿದರೆ ಅದೇ ಸ್ಕ್ರೂ ಹಲಗೆಯನ್ನು ಸೆಳೆದು ಮಣಿಕಟ್ಟನ್ನು ತಿರುಚಬಲ್ಲದು. ಚೌಕ ತಲೆ ಇದು ಕೈಯ ವೇಗಕ್ಕೆ ಮಾಡಿದ್ದು ಎಂದು ಸೂಚಿಸುತ್ತಿತ್ತು. ಅದನ್ನು ಕತ್ತರಿಸಿದವರು ಎಚ್ಚರಿಕೆಯನ್ನೇ ಕತ್ತರಿಸಿ ಹಾಕಿದರು.

ಆದ್ದರಿಂದ ಪೆಟ್ಟಿಗೆ ತೆರೆಯುವವರು ಇಷ್ಟು ಮಾಡಲಿ. ಬೇರೆ ಮಾಡುವ ಮೊದಲು ಫೋಟೊ ತೆಗೆಯಲಿ. ಉಜ್ಜುವ ಮೊದಲು ಅಳೆಯಲಿ. ಪ್ರತಿ ತುಂಡಿನ ಬುಡ ಚೌಕವೋ ದುಂಡೋ ಓರೆಯೋ, ತೂತಿನದೋ ಥ್ರೆಡ್‌ನದೋ ಎಂದು ಬರೆದಿಡಲಿ. ಆ ಬುಡ ಕೂರಬಹುದಾದ ಜಾಗವನ್ನು ಅದೇ ಪೆಟ್ಟಿಗೆಯಲ್ಲಿ ಮೊದಲು ಹುಡುಕಲಿ. ಹೆಸರು ಮುದ್ರೆಗಳ ಸರದಿ ಆಮೇಲೆ. ಊರಿನಲ್ಲಿ ಕೈ ಹತ್ತರಿ ಹಿಡಿದ ಹಿರಿಯ ಬಡಗಿ ಯಾರಾದರೂ ಇದ್ದರೆ, ಕ್ಯಾಟಲಾಗಿಗಿಂತ ಮೊದಲು ಅವರ ಕೈಗೆ ಆ ತುಂಡನ್ನು ಕೊಡಲಿ. ಅವರು ಅದನ್ನು ಹಿಡಿಯುವ ರೀತಿಯಲ್ಲೇ ಅರ್ಧ ಉತ್ತರ ಇರುತ್ತದೆ, ಮತ್ತು ಅಂಥ ಕೈಗಳು ವರ್ಷವರ್ಷಕ್ಕೂ ಕಡಿಮೆಯಾಗುತ್ತಿವೆ. ಸಿಕ್ಕ ಉತ್ತರವನ್ನು ಚೀಟಿಯಲ್ಲಿ ಬರೆದು ಆ ತುಂಡಿಗೆ ಕಟ್ಟಿಡಲಿ. ಹಿರಿಯರಿಂದ ಬಂದ ಕಬ್ಬಿಣ ಮುಂದಿನವರಿಗೆ ಆಸ್ತಿಯಾಗಿ ದಾಟುವುದು ಆ ಚೀಟಿಯ ಬಲದಿಂದ.